ಕಬಿನಿ ದಡದ ಕಲ್ಲಿಗೆ ಗ್ರೇಡು ಹಾಕಿದವರು

ನೀಲಾಂಬಿಕೆಯವರು ನಮ್ಮ ಶಾಲೆಗೆ ಮೊದಲ ಸಲ ಬಂದದ್ದು ಸೊಂಟದ ಮೇಲೆ ಒಂದು ಗೋಣಿಚೀಲ ಹೊತ್ತುಕೊಂಡು. ಹೋದ ವರ್ಷದ ಜೂನ್ ತಿಂಗಳು. ಯಾರೋ ಪುಣ್ಯಾತ್ಮರು ಬಿಸಿಯೂಟಕ್ಕೆ ತೆಂಗಿನಕಾಯಿ ಕಳಿಸಿದ್ದಾರೆ ಅಂದುಕೊಂಡು ನಾನು ಅಡುಗೆಮನೆ ಕಡೆಗೆ ಕೈ ತೋರಿಸಿದೆ. ಅವರು ಅತ್ತ ಹೋಗದೆ ನೇರವಾಗಿ ನನ್ನ ಹತ್ತಿರವೇ ಬಂದು ಚೀಲವನ್ನು ಜಗಲಿಯ ಮೇಲೆ ಇಳಿಸಿದರು. ಇಳಿದ ಸದ್ದಿಗೆ ಒಂಬತ್ತನೇ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಬಂದವು.

“ಕಾಯಲ್ಲ ಮೇಷ್ಟ್ರೆ, ಕಲ್ಲು. ನೀವು ಸೈನ್ಸ್ ಮೇಷ್ಟ್ರಂತಲ್ಲ, ಇವು ಏನೇನು ಅಂತ ವಸಿ ನೋಡಿ ಯೇಳಿ.”

ನನ್ನ ಹೆಸರು ಕೃಷ್ಣಕುಮಾರ್. ಪಿರಿಯಾಪಟ್ಟಣದಿಂದ ಹುಣಸೂರಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ನಾಲ್ಕು ಕಿಲೋಮೀಟರ್ ಹೋದರೆ ಸಿಗುವ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮೂವತ್ತೊಂದು ವರ್ಷದ ಸರ್ವಿಸು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚಟಪಟ ಅನ್ನುತ್ತೇನೆ ಅಂತ ಮಕ್ಕಳು ನನಗೆ ‘ಒಗ್ಗರಣೆ’ ಅಂತ ಹೆಸರಿಟ್ಟಿದ್ದಾರೆ. ಅದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ನಾನು ಓದಿದ್ದು ಜೀವಶಾಸ್ತ್ರ. ಕಲ್ಲಿನ ಬಗ್ಗೆ ಗೊತ್ತಿದ್ದದ್ದು ಪಠ್ಯಪುಸ್ತಕದ ಎರಡು ಪುಟ. ಹಾಗಂತ ಒಬ್ಬ ಹೆಂಗಸಿನ ಎದುರು, ಅದೂ ಕಿಟಕಿಯ ತುಂಬ ಮಕ್ಕಳಿರುವಾಗ, ಮೇಷ್ಟ್ರಾದವನು ಗೊತ್ತಿಲ್ಲ ಅನ್ನುವುದುಂಟೆ? ಕನ್ನಡಕ ಏರಿಸಿಕೊಂಡು ಕೂತೆ.

ಅವರು ಕಲ್ಲುಗಳನ್ನು ಸುರಿಯಲಿಲ್ಲ. ಚೀಲದೊಳಗಿಂದ ಹಳೆ ಸೀರೆಯ ಗಂಟುಗಳನ್ನು ಒಂದೊಂದಾಗಿ ತೆಗೆದು, ಬಿಚ್ಚಿ, ಸಾಲಾಗಿ ಇಟ್ಟರು. ಹನ್ನೊಂದು ಗಂಟು. ಒಂದರಲ್ಲಿ ತುಪ್ಪದ ಬಣ್ಣದವು, ಒಂದರಲ್ಲಿ ನೀರುಮಜ್ಜಿಗೆಯಂಥವು, ಒಂದರಲ್ಲಿ ಇಟ್ಟಿಗೆ ಕೆಂಪಿನವು. ಒಂದು ಗಂಟಿನ ಕಲ್ಲು ಪಕ್ಕದ ಗಂಟಿಗೆ ಹೋಗುವ ಹಾಗಿಲ್ಲ, ಅಷ್ಟು ಅಚ್ಚುಕಟ್ಟು. ನಾಲ್ಕನೇ ಗಂಟನ್ನು ಬಿಚ್ಚಿದಾಗ ನಾನು ಬಗ್ಗಿದೆ. ಬೂದು, ಬಿಳಿ, ತೆಳು ನೀಲಿಯ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡ ಕಲ್ಲುಗಳು.

“ಇವು ಈರುಳ್ಳಿ ಕಲ್ಲು. ನಾನಿಟ್ಟ ಹೆಸ್ರು,” ಅಂದರು. “ಒದ್ದೆ ಮಾಡಿ, ಬಿಸ್ಲಿಗಲ್ಲ, ನೆಳ್ಳಿನ ಬೆಳಕಿಗೆ ಹಿಡೀರಿ. ಅಂಚಿನಲ್ಲಿ ಬೆಳಕು ಇಳೀತದೆ. ಆ ಕೆಂಪಿನವು ಬೆಳಕು ಬುಡಾಕಿಲ್ಲ, ಅದ್ಕೇ ಬ್ಯಾರೆ ಮಡಗಿವ್ನಿ. ಗಾಜಿನ ಚೂರಾದ್ರೆ ಕೆನ್ನೆಗೆ ಒತ್ತಿದ್ರೆ ಬೆಚ್ಚಗಾಗ್ತದೆ, ಇವು ತಣ್ಣಗೇ ಇರ್ತವೆ.”

ಪುಸ್ತಕ ತೆಗೆದೆ, ಫೋನಿನಲ್ಲಿ ಹುಡುಕಿದೆ. ಈರುಳ್ಳಿ ಕಲ್ಲು ಅಂದರೆ ಅಗೇಟು, ಬೆಳಕು ಬಿಡದ ಕೆಂಪಿನವು ಜಾಸ್ಪರ್. ಪುಸ್ತಕದಲ್ಲಿ ಬರೆದಿದ್ದ ಪರೀಕ್ಷೆಗಳನ್ನು ಅವರು ಪುಸ್ತಕ ನೋಡದೆ ಮಾಡಿ ಮುಗಿಸಿದ್ದರು. ನನ್ನ ಪಾಲಿಗೆ ಉಳಿದದ್ದು ಇಂಗ್ಲಿಷ್ ಹೆಸರು ಓದಿ ಹೇಳುವ ಕೆಲಸ ಮಾತ್ರ.

ಆ ಕೈಗೆ ಈ ಅಭ್ಯಾಸ ಬಂದದ್ದು ಎಲ್ಲಿಂದ ಅಂತ ಹೇಳಿಬಿಡುತ್ತೇನೆ. ನೀಲಾಂಬಿಕೆಯವರಿಗೆ ಅರವತ್ತೊಂದು ವರ್ಷ. ಓದಿದ್ದು ಎರಡನೇ ಕ್ಲಾಸು. ತವರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ಅಂಚಿನ ಹಳ್ಳಿ. ಹತ್ತೊಂಬತ್ತಕ್ಕೆ ಮದುವೆಯಾಗಿ ನಮ್ಮೂರಿಗೆ ಬಂದರು. ಗಂಡ ತೀರಿಕೊಂಡು ಹದಿನಾರು ವರ್ಷ. ಒಬ್ಬನೇ ಮಗ ಬಸವಪ್ರಸಾದ್, ಪಿರಿಯಾಪಟ್ಟಣದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಮದುವೆಯಾಗಿ ಬಂದ ವರ್ಷದಿಂದಲೂ ಇವರು ಹೊಗೆಸೊಪ್ಪಿನ ಕಾಲದಲ್ಲಿ, ಅದನ್ನು ಬೆಳೆಯುವ ಕೆಂಪಯ್ಯನವರ ಷೆಡ್ಡಿನಲ್ಲಿ ಎಲೆ ಗ್ರೇಡ್ ಮಾಡುತ್ತಾರೆ. ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಕಾವು ಕೊಡುವ ಮಣ್ಣುಗೋಡೆಯ ಮನೆಯಲ್ಲಿ, ಬೇಯಿಸಿ ಇಳಿಸಿದ ಎಲೆಯನ್ನು ಬಣ್ಣ ನೋಡಿ, ದಪ್ಪ ನೋಡಿ, ಕಲೆ ನೋಡಿ ಬೇರೆ ಬೇರೆ ಗುಡ್ಡೆ ಹಾಕುವ ಕೆಲಸ. ನಿಂಬೆ ಹಳದಿ ಒಂದು ಕಡೆ, ಕಿತ್ತಳೆ ಒಂದು ಕಡೆ, ಕಂದು, ಹಸಿರು ಉಳಿದದ್ದು ಇನ್ನೊಂದು ಕಡೆ. ನಮ್ಮ ನಿಮ್ಮ ಕಣ್ಣಿಗೆ ಎಲ್ಲವೂ ಒಣಗಿದ ಸೊಪ್ಪು. ನೇರ ಬಿಸಿಲಿನಲ್ಲಿ ಈ ಕೆಲಸ ಮಾಡುವ ಹಾಗಿಲ್ಲ, ಬಣ್ಣ ಮೋಸ ಮಾಡುತ್ತದೆ. ಷೆಡ್ಡಿನ ಉತ್ತರದ ಕಿಟಕಿಯ ಕೆಳಗೆ ಅವರ ಜಾಗ. ದಿನಕ್ಕೆ ಎಷ್ಟು ಸಾವಿರ ಎಲೆ ಆ ಕೈಯಲ್ಲಿ ದಾಟುತ್ತಿದ್ದವೋ, ಎಣಿಸಿದವರಿಲ್ಲ.

ಯುಗಾದಿ ಕಳೆದ ಮೇಲೆ ಆ ಕೆಲಸ ಇರುವುದಿಲ್ಲ. ಆಗ ತವರಿಗೆ ಹೋಗುತ್ತಾರೆ. ಹಿನ್ನೀರು ಇಳಿದು ಮೈಲಿಗಟ್ಟಲೆ ದಡ ಬಿದ್ದಿರುತ್ತದೆ. ದನ ಮೇಯುತ್ತಿರುತ್ತವೆ, ಮರಳು, ಬೆಣಚು, ನೀರು ಉಜ್ಜಿ ನುಣುಪು ಮಾಡಿದ ಕಲ್ಲು. “ಕೈ ಸುಮ್ಕಿರಾಕಿಲ್ಲ ಮೇಷ್ಟ್ರೆ. ಎಲೆ ಇಲ್ಲ ಅಂದ್ರೆ ಏನಾರಾ ಒಂದು ವಿಂಗಡಿಸ್ಬೇಕು. ನಮ್ಮತ್ತಿಗೆ ನಂಗೆ ಮಳ್ಳು ಅಂತಾಳೆ,” ಅಂದು ನಕ್ಕರು. ಹತ್ತು ಬೇಸಿಗೆ ಆಯ್ದ ಕಲ್ಲುಗಳು ಅವು.

ಹನ್ನೊಂದನೇ ಗಂಟು ಬಿಚ್ಚುವಾಗ ಕೈ ತಡವಾಯಿತು. “ಇದು ಯಾವ ಗ್ರೇಡಿಗೂ ಸೇರಲ್ಲ,” ಅಂತ ಹೇಳಿ ಅಂಗೈ ಅಗಲದ ಒಂದು ಚಪ್ಪಟೆ ಕಲ್ಲನ್ನು ನನ್ನ ಕೈಗೆ ಕೊಟ್ಟರು. ಕೆನೆ ಬಣ್ಣದ ಕಲ್ಲು. ಅದರ ಮೇಲೆ ಕಪ್ಪಾಗಿ, ಶಾಯಿಯಲ್ಲಿ ಬರೆದಂತೆ, ಒಂದು ಜರಿಗಿಡ. ಕೊಂಬೆ, ಕೊಂಬೆಯಿಂದ ಕವಲು, ಕವಲಿನಿಂದ ಸಣ್ಣ ಸಣ್ಣ ಎಲೆ.

ನಾನು ಎದ್ದು ನಿಂತುಬಿಟ್ಟೆ. “ಪಳೆಯುಳಿಕೆ! ಅಮ್ಮಾ, ಇದು ಪಳೆಯುಳಿಕೆ! ಕೋಟ್ಯಂತರ ವರ್ಷದ ಹಿಂದಿನ ಗಿಡ ಕಲ್ಲಿನಲ್ಲಿ ಅಚ್ಚಾಗಿದೆ!”

ಅವರು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು. “ಎಲೆ ಅಂತೀರಾ? ನಂಗೆ ಎಲೆ ಅನ್ನುಸ್ಲಿಲ್ಲ ಕಣ್ ಮೇಷ್ಟ್ರೆ.”

“ನಿಮಗೆ ಹೇಗೆ ಗೊತ್ತಾಗಬೇಕು?” ಅಂದೆ. ನಾನು ಅವರ ಬಾಯಿ ಮುಚ್ಚಿಸಿದ್ದು ಇದು ಮೊದಲನೇ ಸಲ.

ನಾನು ಸುಮ್ಮನಿರುವ ಜಾತಿಯವನಲ್ಲ. ವಾರದೊಳಗೆ ಮೈಸೂರಿನ ಒಂದು ಪತ್ರಿಕೆಗೆ ಫೋಟೋ ಹೋಯಿತು. ಕಲ್ಲು ಹಿಡಿದ ನೀಲಾಂಬಿಕೆ, ಪಕ್ಕದಲ್ಲಿ ನಾನು, ಹೊಟ್ಟೆ ಒಳಗೆಳೆದುಕೊಂಡು. ‘ಕಬಿನಿ ದಡದಲ್ಲಿ ಪುರಾತನ ಸಸ್ಯದ ಪಳೆಯುಳಿಕೆ.’ ಬಸವಪ್ರಸಾದ್ ಆ ಕಾಗದವನ್ನು ಆಟೋದ ಗಾಜಿಗೆ ಅಂಟಿಸಿಕೊಂಡ. ಅಲ್ಲಿಗೆ ನಿಲ್ಲಲಿಲ್ಲ, ಊರ ಸರ್ಕಲ್ಲಿನಲ್ಲಿ ಹತ್ತಡಿಯ ಫ್ಲೆಕ್ಸ್ ಕಟ್ಟಿಸಿದ. ‘ಪಳೆಯುಳಿಕೆ ಶೋಧಕಿ ಶ್ರೀಮತಿ ನೀಲಾಂಬಿಕೆಯವರಿಗೆ ಹಾರ್ದಿಕ ಅಭಿನಂದನೆಗಳು’, ಕೆಳಗೆ ಶುಭ ಕೋರುವ ಇಪ್ಪತ್ತೆರಡು ಹುಡುಗರ ಮುಖ. ನಲವತ್ತೆರಡು ವರ್ಷ ಆ ಊರಿನಲ್ಲಿ ಅವರನ್ನು ಎಲ್ಲರೂ ಕರೆದದ್ದು ‘ಸೊಪ್ಪಿನಮ್ಮ’ ಅಂತ. ಅವರ ಹೆಸರು ನೀಲಾಂಬಿಕೆ ಅನ್ನುವುದು ಎಷ್ಟೋ ಜನಕ್ಕೆ ಆ ಫ್ಲೆಕ್ಸ್ ನೋಡಿದ ಮೇಲೇ ಗೊತ್ತಾಯಿತು. ಪಂಚಾಯಿತಿಯವರು ರಾಜ್ಯೋತ್ಸವದ ದಿನ ಶಾಲೆಯ ಮೈದಾನದಲ್ಲಿ ಸನ್ಮಾನ ಅಂತ ತೀರ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಯಾಗಿ ಮೈಸೂರಿನ ಕಾಲೇಜೊಂದರ ಭೂವಿಜ್ಞಾನದ ಪ್ರಾಧ್ಯಾಪಕಿ ಸುಕನ್ಯ ಮೇಡಂ. ಅವರನ್ನು ಒಪ್ಪಿಸಿದವನು ನಾನೇ.

ಆಗಸ್ಟಿನಲ್ಲಿ ನೀಲಾಂಬಿಕೆ ಮತ್ತೆ ಬಂದರು. ಒಂದು ಕೈಯಲ್ಲಿ ಹೊಗೆಸೊಪ್ಪಿನ ಎಲೆ, ಇನ್ನೊಂದರಲ್ಲಿ ಹಳ್ಳದ ಬದಿಯಿಂದ ಕಿತ್ತ ಜರಿಗಿಡ.

“ನೋಡಿ ಮೇಷ್ಟ್ರೆ. ಎಲೆ ಅಂದ್ಮೇಲೆ ನಡುವೆ ಕಡ್ಡಿ ಇರ್ತದೆ. ಬುಡದಲ್ಲಿ ದಪ್ಪ, ತುದೀಗ್ ಓಯ್ತಾ ಸಣ್ಣ. ನರವೂ ಅಂಗೇ, ಕಡ್ಡಿಯಿಂದ ಹೊಂಟು ಅಂಚಿಗೆ ಓಗೋ ಒತ್ತಿಗೆ ಕೂದ್ಲು ಆಗ್ತದೆ. ಈ ಜರಿಯೂ ಅಂಗೇ. ಕಲ್ಲಿನಾಗಿರದು ಬುಡದಲ್ಲೂ ಒಂದೇ ದಪ್ಪ, ತುದೀಲೂ ಒಂದೇ ದಪ್ಪ. ಕಡ್ಡೀನೇ ಇಲ್ಲ. ಕಡ್ಡಿ ಇಲ್ದೆ ಎಲೆ ನಿಂತ್ಕತದಾ?”

ಸ್ಟಾಫ್ ರೂಮಿನಲ್ಲಿ ಇನ್ನೂ ಮೂವರು ಮೇಷ್ಟ್ರುಗಳು ಕೂತಿದ್ದರು. ಒಬ್ಬರ ತುಟಿ ನಗೆಗೆ ಅರಳಿದ್ದನ್ನು ಕಂಡೆ. ನನ್ನ ಒಗ್ಗರಣೆ ಸಿಡಿಯಿತು. “ಅಮ್ಮಾ, ಆ ಕಾಲದ ಗಿಡ ಈ ಕಾಲದ ಗಿಡದ ಹಾಗೆ ಇರುವುದಿಲ್ಲ. ನೀವು ಸೊಪ್ಪು ನೋಡಿಕೊಳ್ಳಿ, ಸೈನ್ಸ್ ನಾನು ನೋಡಿಕೊಳ್ಳುತ್ತೇನೆ.” ಅವರು ಎಲೆಯನ್ನೂ ಜರಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಎರಡನೇ ಸಲ.

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೆ ಬಿಟ್ಟುಬಿಡುತ್ತಿದ್ದರು. ಹೆಸರು ಬಂತು, ಸನ್ಮಾನ ಬರುತ್ತಿದೆ, ಮೇಷ್ಟ್ರೇ ಎಲೆ ಅನ್ನುತ್ತಿದ್ದಾರೆ, ಇನ್ನೇನು ಬೇಕು? ಅವರು ಯಾಕೆ ಬಿಡಲಿಲ್ಲ ಅನ್ನುವುದನ್ನು ನನಗೆ ಆಮೇಲೆ ಹೇಳಿದವರು ಕೆಂಪಯ್ಯನವರು. ನೀಲಾಂಬಿಕೆ ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು. ಹಿರಿಯ ಗ್ರೇಡರ್ ಒಬ್ಬಳು ಹರಾಜಿಗೆ ಕಟ್ಟಿದ ಒಳ್ಳೆ ಎಲೆಯ ಮೂಟೆಯ, ಅಂದರೆ ಬೇಲಿನ, ನಡುವೆ ನಾಲ್ಕು ಹಿಡಿ ಕಳಪೆ ಎಲೆ ಸೇರಿಸಿದಳು. ನೀಲಾಂಬಿಕೆ ಕಂಡರೂ ಬಾಯಿ ಬಿಡಲಿಲ್ಲ. ಹೊಸಬಳು, ಯಾಕೆ ಎದುರು ಹಾಕಿಕೊಳ್ಳುವುದು ಅಂತ. ಹರಾಜಿನ ಕಟ್ಟೆಯಲ್ಲಿ ಬೇಲನ್ನು ಬಿಚ್ಚಿ ಇಣುಕಿದವರು ಎಲ್ಲರೆದುರು ಅದನ್ನು ಪಕ್ಕಕ್ಕೆ ತಳ್ಳಿದರು. ಕೆಂಪಯ್ಯನವರು ತಲೆ ತಗ್ಗಿಸಿ ವಾಪಸು ತಂದರು. ಬೈಯಲಿಲ್ಲ. ವಿಷಯ ತಿಳಿದ ಮೇಲೆ ನೀಲಾಂಬಿಕೆಗೆ ಇಷ್ಟೇ ಅಂದರಂತೆ: “ನಿನ್ ಕಣ್ಣು ನಂಬ್ಕಂಡು ನಾನು ಕಣ್ಣು ಮುಚ್ಕಂಡು ಕುಂತಿವ್ನಿ ಕಣವ್ವ. ಕಂಡಿದ್ದ ಯೇಳ್ಬುಡು.” ಅವತ್ತಿನಿಂದ ಆ ಷೆಡ್ಡಿನ ಬೇಲು ಒಂದೂ ಹಾಗೆ ವಾಪಸು ಬಂದಿಲ್ಲ.

ರಾಜ್ಯೋತ್ಸವದ ಹಿಂದಿನ ದಿನ ಮೈದಾನದಲ್ಲಿ ಶಾಮಿಯಾನ ಕಟ್ಟಿಸುತ್ತಿದ್ದೆ. ನೀಲಾಂಬಿಕೆ ಬಂದು, “ಐದು ನಿಮಿಸ ಬನ್ನಿ” ಅಂತ ಕೆಂಪಯ್ಯನವರ ಬ್ಯಾರನ್ನಿಗೆ ಕರೆದುಕೊಂಡು ಹೋದರು. ಗೋಡೆಯ ಮಣ್ಣಿನಲ್ಲಿ ಒಂದು ಸೀಳು ಬಿಟ್ಟಿತ್ತು. ಮಳೆಯ ನೀರು ಸೀಳಿಗೆ ಇಳಿದು, ಮಸಿಯನ್ನು ಎಳೆದುಕೊಂಡು, ಸುಣ್ಣದೊಳಗೆ ಹರಡಿತ್ತು. ಕೊಂಬೆ, ಕವಲು, ಸಣ್ಣ ಸಣ್ಣ ಎಲೆ.

“ಕಲ್ಲಿನಲ್ಲೂ ಅಂಚಿನ ಬಿರುಕಿಂದ್ಲೇ ಶುರುವಾಗಿದೆ, ನೋಡಿವ್ರಾ? ಅದು ಬೆಳ್ದಿದ್ದಲ್ಲ ಮೇಷ್ಟ್ರೆ, ನೀರಲ್ಲಿ ಹರ್ದಿದ್ದು.”

ನಿಜ ಹೇಳುತ್ತೇನೆ. ಆ ಗೋಡೆ ನೋಡಿದ ಕ್ಷಣದಲ್ಲಿ ಅದು ಎಲೆಯಲ್ಲ ಅಂತ ನನಗೆ ಗೊತ್ತಾಯಿತು. ಆದರೆ ಪತ್ರಿಕೆ, ಪಂಚಾಯಿತಿ, ಮೈಸೂರಿನಿಂದ ಬರುವ ಮೇಡಂ, ಮೂವತ್ತೊಂದು ವರ್ಷದ ನನ್ನ ಹೆಸರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ನಿಂತವು. “ನಾಳೆ ಕಾರ್ಯಕ್ರಮ ಒಂದು ಮುಗಿಯಲಿ. ಆಮೇಲೆ ನೋಡೋಣ. ನಿಮ್ಮ ಮಗ ಎಷ್ಟು ಕುಣಿದಾಡುತ್ತಿದ್ದಾನೆ, ಅವನ ಮುಖ ನೋಡಿಯಾದರೂ ಸುಮ್ಮನಿರಿ,” ಅಂದೆ. ಮಗನ ಹೆಸರು ಎತ್ತಿದ ನನ್ನ ನಾಲಿಗೆಗೆ ಏನು ಹೇಳಲಿ. ಅವರು ಬೆರಳಿಗೆ ಹತ್ತಿದ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಷೆಡ್ಡಿನ ಕಡೆ ಹೋದರು. ಮೂರನೇ ಸಲ.

ಮಾರನೇ ದಿನ ಧ್ವಜ ಏರಿತು, ನಾಡಗೀತೆ ಆಯಿತು. ಮೈದಾನದಲ್ಲಿ ಇನ್ನೂರು ಮುನ್ನೂರು ಜನ. ವೇದಿಕೆಯ ಪಕ್ಕದ ಮೇಜಿನ ಮೇಲೆ ಹತ್ತು ಗಂಟಿನ ಕಲ್ಲುಗಳನ್ನು ಹರಡಿ, ಆ ಚಪ್ಪಟೆ ಕಲ್ಲನ್ನು ಕೆಂಪು ಬಟ್ಟೆಯ ಮೇಲೆ ಇಟ್ಟಿದ್ದೆವು. ಸುಕನ್ಯ ಮೇಡಂ ಕಾರಿನಿಂದ ಇಳಿದವರೇ ನೇರ ಅಲ್ಲಿಗೆ ಹೋದರು. ಕತ್ತಿನ ದಾರದಲ್ಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಕಲ್ಲನ್ನು ಅತ್ತ ಇತ್ತ ತಿರುಗಿಸಿದರು. ನಾಲ್ಕು ಸೆಕೆಂಡು ಹಿಡಿಯಿತೋ ಇಲ್ಲವೋ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಸರ್, ನಿಮ್ಮ ಹತ್ತಿರ ಒಂದು ನಿಮಿಷ ಮಾತಾಡಬೇಕಿತ್ತು,” ಅಂದರು. ನನಗೆ ಅರ್ಥವಾಯಿತು. “ಮೈಕ್ ಸರಿಯಾಗಿದೆಯಾ ನೋಡಿ ಬರ್ತೀನಿ ಮೇಡಂ,” ಅಂತ ನುಸುಳಿಕೊಂಡೆ.

ಪಂಚಾಯಿತಿ ಅಧ್ಯಕ್ಷರು ಶಾಲು ಬಿಡಿಸಿ ಹಿಡಿದು ನೀಲಾಂಬಿಕೆಯವರ ಹೆಸರು ಕರೆದರು. ಮುಂದಿನ ಸಾಲಿನಲ್ಲಿ ಬಸವಪ್ರಸಾದ್ ಫೋನ್ ಎತ್ತಿ ವಿಡಿಯೋ ಶುರು ಮಾಡಿದ. ಅವರು ಹಸಿರು ಅಂಚಿನ ಸೀರೆ ಉಟ್ಟು ವೇದಿಕೆಯ ನಡುವೆ ಬಂದು, ಶಾಲು ಹೊದಿಸಲು ಬಂದ ಕೈಯನ್ನು ತಡೆದು ಮೈಕಿನ ಮುಂದೆ ನಿಂತರು. ಮೈಕು ಅವರಿಗಿಂತ ಅರ್ಧ ಅಡಿ ಎತ್ತರ ಇತ್ತು.

“ಎಲ್ರಿಗೂ ನಮಸ್ಕಾರ. ಸಾಲು ಹೊದ್ಸುಕ್ ಮುಂಚೆ ಒಂದ್ ಮಾತು. ಆ ಕಲ್ಲಿನಲ್ಲಿರದು ಎಲೆ ಅಲ್ಲ. ನೀರು ಬಿರುಕಿಗಿಳ್ದು ಕಲೆ ಆಗಿರದು, ಅಷ್ಟೇಯ. ಮೇಷ್ಟ್ರುದು ಏನೂ ತಪ್ಪಿಲ್ಲ. ನಾನೇ ಇದು ಎಲೆ ಅಂತ ಹಟ ಹಿಡ್ದು ಅವ್ರನ್ನ ನಂಬಿಸ್ದೆ. ಓದ್ದೇ ಇರೋಳು, ತಿಳೀಲಿಲ್ಲ. ಎಲ್ರೂ ಹೊಟ್ಟೇಗ್ ಹಾಕ್ಕಳಿ.”

ನಾನು ಅವರ ಬಾಯಿಂದ ಕೇಳಿದ ಒಂದೇ ಒಂದು ಸುಳ್ಳು ಅದು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕಂದರು. ಇನ್ಯಾರೋ, “ಸೊಪ್ಪಿನಮ್ಮಂಗೆ ಸನ್ಮಾನ ಬೇರೆ ಕೇಡು” ಅಂದದ್ದು ನನಗೇ ಕೇಳಿಸಿತು, ಅವರಿಗೂ ಕೇಳಿಸಿರಬೇಕು. ಬಸವಪ್ರಸಾದ್ ಫೋನನ್ನು ಮಡಿಲಿಗೆ ಇಳಿಸಿ ತಲೆ ತಗ್ಗಿಸಿದ. ನಾಲ್ಕು ತಿಂಗಳು ಹೊತ್ತುಕೊಂಡು ತಿರುಗಿದ ಅಮ್ಮನ ಹೆಸರು ಒಂದು ನಿಮಿಷದಲ್ಲಿ ಊರಿನ ನಗೆಪಾಟಲಾಗುತ್ತಿತ್ತು. ನಾನು ಸುಮ್ಮನೆ ಕೂತಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ನನ್ನ ಹೆಸರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅವರು ನನ್ನನ್ನು ಆ ಕಡೆ ದಾಟಿಸಿದ್ದರು.

ಹೇಗೆ ಎದ್ದೆನೋ ಗೊತ್ತಿಲ್ಲ. ಮೈಕ್ ಕಿತ್ತುಕೊಂಡೆ.

“ಇವರು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು,” ಅಂದೆ. “ಅದು ಎಲೆಯಲ್ಲ ಅನ್ನುವುದು ನಿಜ. ಇವರು ನನ್ನನ್ನು ನಂಬಿಸಿದ್ದು ಸುಳ್ಳು. ಮೊದಲ ದಿನವೇ ಇದು ಎಲೆಯಲ್ಲ ಅಂದರು. ಜರಿಗಿಡ ತಂದು ತೋರಿಸಿ ಅಂದರು. ನಿನ್ನೆ ಕೆಂಪಯ್ಯನವರ ಬ್ಯಾರನ್ ಗೋಡೆ ತೋರಿಸಿ ಅಂದರು. ಮೂರು ಸಲವೂ ನಾನು ಬಾಯಿ ಮುಚ್ಚಿಸಿದೆ. ನಿನ್ನೆ ನನಗೆ ಗೊತ್ತಾಗಿತ್ತು, ಗೊತ್ತಾಗಿಯೂ ಮುಚ್ಚಿಟ್ಟೆ. ನಗಬೇಕು ಅನ್ನುವವರು ನನ್ನನ್ನು ನೋಡಿ ನಗಿ.”

ಯಾರೂ ನಗಲಿಲ್ಲ. ಸುಕನ್ಯ ಮೇಡಂ ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಕಲ್ಲಿನ ಬಿರುಕಿಗೆ ಮ್ಯಾಂಗನೀಸ್ ಬೆರೆತ ನೀರು ಇಳಿದರೆ ಹೀಗೆ ಗಿಡದಂಥ ಚಿತ್ತಾರ ಆಗುತ್ತದೆ, ಓದಿದವರೂ ಮೋಸ ಹೋಗುತ್ತಾರೆ ಅಂದರು. “ಈ ಭಾಗದ ಕಲ್ಲುಗಳಿಗೆ ಮುನ್ನೂರು ಕೋಟಿ ವರ್ಷ. ಅವು ಹುಟ್ಟಿದಾಗ ಭೂಮಿಯ ಮೇಲೆ ಒಂದೇ ಒಂದು ಎಲೆ ಇರಲಿಲ್ಲ. ನಾನು ಅದನ್ನು ಪುಸ್ತಕ ಓದಿ ತಿಳಿದೆ. ಇವರು ಎಲೆ ಓದಿ ತಿಳಿದಿದ್ದಾರೆ.” ಆಮೇಲೆ ಮೇಜಿನ ಕಡೆ ಕೈ ತೋರಿಸಿದರು. ಹತ್ತು ಗುಡ್ಡೆಯಲ್ಲಿ ತಪ್ಪು ಜಾಗದಲ್ಲಿ ಬಿದ್ದ ಕಲ್ಲು ಆಗಲೇ ಹುಡುಕಿದೆ, ಒಂದೂ ಸಿಗಲಿಲ್ಲ ಅಂದರು. ಕಬಿನಿ ದಡದಲ್ಲಿ ಇಂಥ ಪಟ್ಟೆಯ ಅಗೇಟು ಸಿಗುತ್ತದೆ ಅಂತ ತನಗೂ ಗೊತ್ತಿರಲಿಲ್ಲ. ಬರುವ ಬೇಸಿಗೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ, ದಡದ ಮೇಲೆ ಇವರೇ ಪಾಠ ಮಾಡಬೇಕು, ಅಂದರು. ಬಸವಪ್ರಸಾದ್ ತಲೆ ಎತ್ತಿದ. ಫೋನೂ ಮೇಲೆ ಬಂತು.

ಅಧ್ಯಕ್ಷರು ಮಾತ್ರ ಇನ್ನೂ ಶಾಲು ಹಿಡಿದುಕೊಂಡೇ ನಿಂತಿದ್ದರು. “ಈಗ ಇದನ್ನ ಏನ್ ಮಾಡೋದು ಮೇಷ್ಟ್ರೆ?” ಅಂತ ಕಿವಿಯಲ್ಲಿ ಕೇಳಿದರು. ನಾನು ಅದನ್ನು ಇಸಿದುಕೊಂಡು ನೀಲಾಂಬಿಕೆಯವರ ಹತ್ತಿರ ಹೋದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ಎಲೆ ಅಲ್ವಲ್ಲ ಮೇಷ್ಟ್ರೆ, ಇನ್ಯಾತುಕ್ಕೆ ಸಾಲು?”

“ಅಲ್ಲ ಅಂತ ಹೇಳಿದ್ದಕ್ಕೆ.”

ಅವರು ನನ್ನ ಮುಖವನ್ನು, ಒದ್ದೆ ಕಲ್ಲನ್ನು ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಲೆ ಬಗ್ಗಿಸಿದರು. ನಾನು ಶಾಲು ಹೊದಿಸಿದೆ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಜನರ ಸನ್ಮಾನ ಮಾಡಿದ್ದೇನೆ, ಇಷ್ಟು ಋಣಿಯಾಗಿ ಯಾರ ಮುಂದೆಯೂ ನಿಂತಿರಲಿಲ್ಲ. ಅವರು ನನಗಿಂತ ನಾಲ್ಕು ವರ್ಷ ದೊಡ್ಡವರು. ಮಕ್ಕಳೆಲ್ಲ ನೋಡುತ್ತಿರುವಾಗಲೇ ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.